ಒಂಬತ್ತನೇ ನುಡಿ

ಹೊಳೆದಂಡೆಯ ಮಠದಲ್ಲಿ ತತ್ವಪದ ಹಾಡುವ ಒಂದು ಮೇಳವಿತ್ತು. ನಲವತ್ತು ವರ್ಷದ ಮೇಳ. ಕಟ್ಟಿದವರಲ್ಲಿ ಉಳಿದವರು ಗುರು ಶಂಭುಲಿಂಗಜ್ಜ ಒಬ್ಬರೇ. ಮಿಕ್ಕವರಲ್ಲಿ ಕೆಲವರು ತೀರಿಕೊಂಡರು, ಕೆಲವರು ಮುನಿಸಿಕೊಂಡು ಹೋದರು. ಅವರ ಜಾಗಕ್ಕೆ ಹೊಸಬರು ಬಂದು ಕೂತರು.

ಮೇಳಕ್ಕೊಂದು ಪದ್ಧತಿ. ಸೇರಿದವರು ಮೇಳದ ಪದಕ್ಕೆ ತಮ್ಮದೂ ಒಂದು ನುಡಿ, ಅಂದರೆ ಒಂದು ಚರಣ, ಕಟ್ಟಿ ಸೇರಿಸಬೇಕು. ಹಾಗೆ ಬೆಳೆದು ಬೆಳೆದು ಪದ ಹನ್ನೊಂದು ನುಡಿಗೆ ಮುಟ್ಟಿತ್ತು. ಹಳೆಯವು ಯಾರವು ಅಂತ ಕೇಳುವ ರೂಢಿ ಇರಲಿಲ್ಲ.

ಅಜ್ಜ ಮೇಳವನ್ನು ಶಿಷ್ಯ ಮೋನಪ್ಪನ ಕೈಗೆ ಒಪ್ಪಿಸಿದ ವರ್ಷವೇ, ದಮ್ಮಡಿ ಬಾರಿಸುವ ದಾವಲಸಾಬ ಅವನೊಡನೆ ಜಗಳಾಡಿ ಎದ್ದುಹೋದ. ಹೋದವನು ಆಚೆ ದಂಡೆಯ ಮೇಳ ಸೇರಿಕೊಂಡ. ಹನ್ನೆರಡು ವರ್ಷ ಒಂದೇ ಗಂಗಾಳದಲ್ಲಿ ಉಂಡವರು ಅವರಿಬ್ಬರು. ಮೋನಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಬೀಳದೆ ಏನಾದೀತು ಹೇಳಿ?

ಬಿಟ್ಟು ಹೋದವರ ಮಾತು ಇನ್ನು ಈ ಮಠದಲ್ಲಿ ಹಾಡಬಾರದು ಎಂದ. ದಾವಲಸಾಬ ಕಟ್ಟಿದ್ದು ಒಂಬತ್ತನೇ ನುಡಿ. ಮುಂದಿನ ಅಮಾವಾಸ್ಯೆಯ ಹಾಡಿಕೆಯಲ್ಲಿ ಮೇಳ ಎಂಟರಿಂದ ಹತ್ತಕ್ಕೆ ಹಾರಿತು.

ನೀಲವ್ವ ಎಂಬಾಕೆ ದಮ್ಮಡಿ ಕಲಿಯುತ್ತೇನೆ ಅಂತ ಬಂದಳು. ಮೋನಪ್ಪ ದಾವಲಸಾಬ ಬಿಟ್ಟುಹೋದ ದಮ್ಮಡಿಯನ್ನು ಅಟ್ಟಕ್ಕೆ ಹಾಕಿ, ಆಮೇಲೆ ನೋಡೋಣ ಎಂದು ಕಳಿಸಿಬಿಟ್ಟ. ತಾಳವಿಲ್ಲದ ಮೇಳದಿಂದ ಇನ್ನಿಬ್ಬರು ಜಾರಿದರು. ಗುರು ಕೊಟ್ಟದ್ದು ತನ್ನ ಕೈಯಲ್ಲೇ ಮುಗಿಯುತ್ತಿದೆ ಎಂದು ಮೋನಪ್ಪನಿಗೂ ಗೊತ್ತಿತ್ತು. ಆದರೂ ಹಟ ಬಿಡಲಿಲ್ಲ.



ಮರು ಅಮಾವಾಸ್ಯೆ. ಅಜ್ಜ ಏಕತಾರಿ ಹಿಡಿದು ಕೂತರು. ಪಲ್ಲವಿ ಎತ್ತಬೇಕಾದವರು ಅವರೇ. ಎತ್ತಲಿಲ್ಲ. ತಂತಿಯ ಮೇಲೆ ಬೆರಳಿಟ್ಟು ಸುಮ್ಮನೆ ಕೂತುಬಿಟ್ಟರು. ಜನ ಕಾದು ಕಾದು ಎದ್ದರು.

ಮೋನಪ್ಪ ಗಾಬರಿಯಾಗಿ ಹತ್ತಿರ ಹೋದ. "ಯಾಕ ಅಜ್ಜಾರ, ಮೈಯಾಗ ಆರಾಮಿಲ್ಲೇನು?"

"ಆರಾಮ ಅದೀನಿ. ನಿನ್ನ ಮಾತು ನಡಸೀನಿ."

"ನನ್ನ ಮಾತು?"

"ಪಲ್ಲವಿ ಕಟ್ಟಿದಾಂವ ನಿಂಗಣ್ಣ. ಮೊದಲನೇ ವರ್ಷಾನ ನನ್ನ ಏಕತಾರಿ ನೆಲಕ್ಕ ಬಡದು ಹೋದಾಂವ, ತಿರುಗಿ ಬರಲಿಲ್ಲ."

ಪಲ್ಲವಿ ಗುರುವಿನದೇ ಎಂದು ಮೋನಪ್ಪ ಇಷ್ಟು ವರ್ಷ ನಂಬಿದ್ದ. ನಲವತ್ತು ವರ್ಷ ಅದನ್ನು ಹೇಗೆ ಹಾಡಿದಿರಿ ಎಂದು ಮೆಲ್ಲಗೆ ಕೇಳಿದ.

"ಮೂರು ವರ್ಷ ಗಂಟಲ ಕಟ್ಟತಿತ್ತು," ಎಂದರು ಅಜ್ಜ. "ಕಟ್ಟಿದ ಗಂಟಲದಾಗ ಹಾಡಿದೆ."

ಮೋನಪ್ಪ ಅಜ್ಜನ ಪಕ್ಕ ಕೂತ. ದಾವಲಸಾಬನ ಮೇಲೆ ಸಿಟ್ಟಿಲ್ಲ, ಅವನಿಲ್ಲದೆ ಇರಲಾಗುತ್ತಿಲ್ಲ ಎಂದು ಹೇಳಿ ಅತ್ತುಬಿಟ್ಟ. ಅಜ್ಜ ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಅವನೇ ಅಟ್ಟ ಹತ್ತಿ ದಮ್ಮಡಿ ಇಳಿಸಿದ. ಧೂಳು ಒರೆಸಿ, ನೀಲವ್ವನನ್ನು ಕರೆಸಿ ಅವಳ ಕೈಗಿತ್ತ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು, ತನ್ನ ನುಡಿ ಕಟ್ಟುವುದಕ್ಕೆ ಮುಂಚೆ ಏನು ಕಲಿಯಬೇಕು ಎಂದು ಅಜ್ಜನನ್ನು ಕೇಳಿದಳು.

ಅಜ್ಜ ಏಕತಾರಿಯ ತಂತಿ ಬಿಗಿಮಾಡಿದರು.

"ಒಂಬತ್ತನೇ ನುಡಿಯಿಂದ ಸುರು ಮಾಡವ್ವ. ಮೋನಪ್ಪ ಕಲಿಸ್ತಾನ."