ಕಂಕಣ ಕಟ್ಟಿದ ಕೈ

ಒಪ್ಪಂದ ಇಷ್ಟು. ಮೊದಲ ಮಳೆ ಬೀಳುವುದರೊಳಗೆ ಹಾಲಯ್ಯಜ್ಜನ ಆಶ್ರಮ ಒಂದು ಗೂಡು ತುಂಬ ಸುಣ್ಣ ಸುಟ್ಟು ಕೊಡಬೇಕು. ಆ ಸುಣ್ಣದ ಗಾರೆಯಿಂದ ದೇಸಾಯಿಯ ಆಳುಗಳು ಕೆರೆಯ ಏರಿಯಲ್ಲಿ ಬಿದ್ದ ಬಿರುಕನ್ನು ಮುಚ್ಚಬೇಕು. ಪ್ರತಿಯಾಗಿ ಆಶ್ರಮದ ಹೊಲಕ್ಕೆ ಕೆರೆಯ ನೀರು, ಕೆರೆ ಇರುವ ತನಕ.

ಸುಣ್ಣ ತಪ್ಪಿದರೆ ಆಶ್ರಮ ನಿಂತ ನೆಲ ದೇಸಾಯಿಗೆ ವಾಪಸು.

ಏರಿಯ ಕೆಳಗೆ ಒಂದು ಕೇರಿ ಇತ್ತು. ಕಲ್ಲು ಒಡೆಯುವವರ ಮನೆಗಳು. ಒಪ್ಪಂದದಲ್ಲಿ ಅವರ ಮಾತೇ ಇರಲಿಲ್ಲ. ಏರಿ ಒಡೆದರೆ ನೀರು ಮೊದಲು ನುಗ್ಗುವುದು ಅಲ್ಲಿಗೆ. ನೀರು ಒಪ್ಪಂದ ಕೇಳಿಕೊಂಡು ಹರಿಯುವುದಿಲ್ಲ.

ಹಾಲಯ್ಯಜ್ಜ ಕಾವಿ ಉಡುವ ಮೊದಲು ಎತ್ತಿನ ಮೇಲೆ ಹೇರು ಹಾಕಿಕೊಂಡು ಊರೂರು ತಿರುಗಿದ ವ್ಯಾಪಾರಿ. ದೇವರ ಮಾತನ್ನೂ ದರದ ಮಾತಿನಂತೆಯೇ ಆಡುತ್ತಿದ್ದರು. ಒಮ್ಮೆ ಹೇಳುವುದು, ಸುಮ್ಮನಾಗುವುದು.

ಗೂಡಿನ ಕೆಲಸವನ್ನು ಅವರು ಶಿಷ್ಯ ಅಡಿವೆಪ್ಪನಿಗೆ ಒಪ್ಪಿಸಿದರು. ಅವನು ಸುಣ್ಣ ಸುಡುವವರ ಮನೆತನದವನು. ಬೆಂಕಿಯ ಬಣ್ಣ ನೋಡಿ ಒಳಗಿನ ಕಲ್ಲು ಬೆಂದಿದೆಯೋ ಇಲ್ಲವೋ ಹೇಳಬಲ್ಲವನು ಆ ಹೊಳೆದಂಡೆಯಲ್ಲಿ ಅವನೊಬ್ಬನೇ.

"ಕಟ್ಟಿಗೆ ಎಲ್ಲಿಂದ ತರ್ತಿ?" ಎಂದು ಅಜ್ಜ ಕೇಳಿದರು.

"ಗುಡ್ಡದಿಂದ ರೀ ಅಜ್ಜಾರ."

"ಗುಡ್ಡದಿಂದ ಬರಲಿಲ್ಲಂದ್ರ?"

"ಗುಡ್ಡ ಎಲ್ಲಿಗೆ ಹೊಕ್ಕೈತ್ರಿ?"



ಆ ವರ್ಷ ಹೊಳೆಯ ಮೇಲಿನ ಊರುಗಳಲ್ಲಿ ಜ್ವರ ಬಿದ್ದಿತ್ತು. ಒಂದು ಬೆಳಿಗ್ಗೆ ಮೂರ್ನಾಲ್ಕು ಮಂದಿ ಹೆಣ ಹೊತ್ತು ದಂಡೆಗೆ ಬಂದರು. ಸುಡಲು ಕಟ್ಟಿಗೆ ಇರಲಿಲ್ಲ. ಅಜ್ಜ ಗೂಡಿನ ಪಕ್ಕ ಒಟ್ಟಿದ್ದ ರಾಶಿಯತ್ತ ಕೈ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಹೆಣ ಬಂತು. ಸಂಜೆಗೆ ಮತ್ತೊಂದು.

ಕಲ್ಲಿನ ಕೆಲಸ ನೋಡಲು ಹೋಗಿದ್ದ ಅಡಿವೆಪ್ಪ ತಿರುಗಿ ಬಂದಾಗ ರಾಶಿ ಅರ್ಧಕ್ಕೆ ಇಳಿದಿತ್ತು. ಗುಡ್ಡಕ್ಕೆ ಓಡಿದ. ಕಟ್ಟಿಗೆ ಕಡಿಯುವವರೆಲ್ಲ ಮೇಲಿನ ಊರುಗಳ ಮಸಣಕ್ಕೆ ಸೌದೆ ಸಾಗಿಸುತ್ತಿದ್ದರು. ಇವನಿಗೆ ಒಂದು ಹೊರೆಯೂ ಇಲ್ಲವೆಂದರು.

"ಗುಡ್ಡ ಅಲ್ಲೇ ಐತಿ," ಎಂದರು ಅಜ್ಜ. "ಕಟ್ಟಿಗೆ ಹೋತು."

ಅಡಿವೆಪ್ಪ ದಂಡೆಯ ಜಾಲಿ ಬೊಡ್ಡೆ ಕೀಳಿಸಿದ. ಕೇರಿಯ ಮನೆಮನೆ ತಿರುಗಿ ಸಗಣಿಯ ಕುಳ್ಳು ಕೂಡಿಸಿದ. ಎಣ್ಣೆ ಗಾಣದವರಿಂದ ತೆಂಗಿನ ಚಿಪ್ಪು ತರಿಸಿದ. ಎಲ್ಲವನ್ನೂ ಒಂದೇ ಕಡೆ ಒಟ್ಟದೆ ಬೇರೆ ಬೇರೆ ಕಡೆ ಒಟ್ಟಿದ.

ಅದು ಮುಗಿಯುತ್ತಲೇ ಅಜ್ಜ ಕಲ್ಲು ಎಳೆಯುವ ಎತ್ತುಗಳನ್ನು ಬಿಚ್ಚಿ ಯಾರೋ ದಾರಿಹೋಕ ವ್ಯಾಪಾರಿಗೆ ಕೊಟ್ಟರು. ಅವನ ಎತ್ತುಗಳು ದಾರಿಯಲ್ಲಿ ಸತ್ತಿದ್ದವಂತೆ. ಯಾವಾಗ ತಿರುಗಿ ಬರುತ್ತಾನೆ ಎಂದು ಕೇಳಿದರೆ, ಕೇಳಲಿಲ್ಲ ಎಂದರು.

ಅಡಿವೆಪ್ಪ ಈ ಸಂಕಟವನ್ನು ಕೆಂಚವ್ವನ ಮುಂದೆ ತೋಡಿಕೊಂಡ. ಅವಳು, ಅವಳ ತಮ್ಮ ಯಂಕಪ್ಪ ಕೆಳಗಿನ ಕೇರಿಯವರು. ಗೂಡಿಗೆ ಕಲ್ಲು ಒಡೆದು ಹೊರುತ್ತಿದ್ದರು.

"ನಿನ್ನ ಧೋತರ ಒಂದು ಉಳದೈತಿ," ಎಂದಳು ಕೆಂಚವ್ವ. "ಅದನ್ನೂ ಎರಡು ಮಾಡಿ ಇಟ್ಟಿರು. ಅಜ್ಜನ ಕಣ್ಣು ಯಾವಾಗ ಬೀಳ್ತೈತೋ."

ಯಂಕಪ್ಪ ಕಲ್ಲಿನ ಬುಟ್ಟಿ ಕೆಳಗಿಟ್ಟು ನಕ್ಕ. ಅವನು ನಕ್ಕರೆ ಬೇಗ ನಿಲ್ಲುತ್ತಿರಲಿಲ್ಲ.

ಅಡಿವೆಪ್ಪನಿಗೆ ಆ ಮಾತು ನಾಟಿತು. ಮನೆ ಗೋಡೆಗೆ ಬಳಿಯಲು ಸುಣ್ಣ ಕೊಡುತ್ತೇನೆಂದು ಕೇರಿಯವರಿಂದ ಇನ್ನೊಂದು ಜೋಡಿ ಎತ್ತು ಗೊತ್ತು ಮಾಡಿದ. ಕಲ್ಲು ತೆಗೆಯಲು ಒಂದರ ಬದಲು ಎರಡು ಗಣಿ ನೋಡಿದ. ಹೊಳೆ ಬತ್ತಿದರೂ ನೀರು ಇರಲೆಂದು ಹಳೇ ಬಾವಿಯ ಹೂಳು ತೆಗೆಸಿದ.

ಒಂದು ದಿನ ಬಂದು ಅಜ್ಜನ ಮುಂದೆ ಕೈಕಟ್ಟಿ ನಿಂತ. ಈಗ ಯಾವುದು ಕೈಕೊಟ್ಟರೂ ಅದರ ಜಾಗಕ್ಕೆ ಇನ್ನೊಂದು ಇದೆ ಎಂದ.

ಅಜ್ಜ ಸಂತೆಯಲ್ಲಿ ದನ ನೋಡುವವರ ಹಾಗೆ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ಎಲ್ಲಾದಕ್ಕೂ?"

"ಎಲ್ಲಾದಕ್ಕೂ ರೀ."

"ಹಂಗಾದ್ರ ಬೆಂಕಿ ಹಾಕು," ಎಂದರು.

ಸುಣ್ಣದ ಗೂಡಿಗೆ ಅವರಲ್ಲಿ ಒಂದು ಪದ್ಧತಿ ಇತ್ತು. ಬೆಂಕಿ ಹಚ್ಚುವವನ ಬಲಗೈಗೆ ಅರಿಸಿನದ ದಾರದ ಕಂಕಣ ಕಟ್ಟುತ್ತಾರೆ. ಗೂಡು ಆರುವ ತನಕ ಅದನ್ನು ಬಿಚ್ಚುವಂತಿಲ್ಲ. ಅಲ್ಲಿಯ ತನಕ ಗೂಡಿನ ಬಾಯಿಗೆ ಕಟ್ಟಿಗೆ ಇಡುವುದು ಆ ಕೈ ಒಂದೇ. ಬೇರೆ ಕೈ ತಾಗಿದರೆ ಗೂಡು ಮುನಿಯುತ್ತದೆ, ಕಲ್ಲು ಬೇಯುವುದಿಲ್ಲ ಎಂದು ನಂಬಿಕೆ.

ಅಡಿವೆಪ್ಪ ಮಿಂದು ಕಂಕಣ ಕಟ್ಟಿಸಿಕೊಂಡ. ಬೆಂಕಿ ಹಚ್ಚಿ ಗೂಡಿನ ಬಾಯಿಯ ಮುಂದೆ ಕುಳಿತ.

ಹಗಲು ಕಳೆಯಿತು, ರಾತ್ರಿ ಕಳೆಯಿತು. ಬಿಳಿ ಹೊಗೆ ತೆಳ್ಳಗಾಯಿತು. ಅವನು ಕುಳಿತಲ್ಲೇ ಉಂಡ, ಕುಳಿತಲ್ಲೇ ತೂಕಡಿಸಿದ. ಬಣ್ಣ ಇಳಿದಾಗ ಒಂದು ಬೊಡ್ಡೆ ಇಟ್ಟ, ಏರಿದಾಗ ಸುಮ್ಮನಿದ್ದ.

"ಮದುಮಗನಂಗ ಕಂಕಣ ಕಟ್ಟಿಕೊಂಡು ಕುಂತೀಯಲ್ಲೋ," ಎಂದಳು ಕೆಂಚವ್ವ. "ಮದುಮಗಳು ಮಾತಾಡ್ತಾಳೋ ಇಲ್ಲೋ?"

"ಮಾತಾಡ್ತಾಳ. ನಿನಗ ಕೇಳೂದಿಲ್ಲ."

ಮರುದಿನ ಅಜ್ಜ ಬಂದಾಗ ಅಡಿವೆಪ್ಪ ಕಂಬಳಿ ಹೊದ್ದಿದ್ದ. ಅಷ್ಟು ಬೆಂಕಿಯ ಮುಂದೆ ಕುಳಿತವನಿಗೆ ಚಳಿ ಏಕೆ ಎಂದು ಅಜ್ಜ ಕೇಳಲಿಲ್ಲ. ಅವನ ಪಕ್ಕ ಕುಳಿತರು. ಕೆಂಚವ್ವನನ್ನೂ ಯಂಕಪ್ಪನನ್ನೂ ಇಲ್ಲೇ ಕೂರಿಸಿಕೊಂಡು ಬಣ್ಣ ತೋರಿಸಿಕೊಡು ಎಂದರು.

ಅವನು ಒಪ್ಪಲಿಲ್ಲ. ಕಂಕಣ ಇರುವಾಗ ಬೇರೆಯವರು ಬಾಯಿಯ ಹತ್ತಿರ ಬರಬಾರದು ಎಂದ. ಬಣ್ಣ ಕಣ್ಣಿಗೆ ಹೊಳೆಯುವ ವಿಷಯ, ಹೇಳಿಕೊಟ್ಟರೆ ಬರುವುದಲ್ಲ ಎಂದೂ ಸೇರಿಸಿದ. ಅದರಲ್ಲಿ ಅರ್ಧ ನಿಜ. ಉಳಿದರ್ಧ, ತಾನಿಲ್ಲದೆ ನಡೆಯದು ಎನ್ನುವುದರ ರುಚಿ. ಆ ರುಚಿ ಹತ್ತಿದವನು ಅಂಗಡಿಯ ಬೀಗದ ಕೈಯನ್ನು ಹೆಂಡತಿಗೂ ಕೊಡುವುದಿಲ್ಲ.

"ಈ ಪದ್ಧತಿ ಯಾರು ಮಾಡಿದ್ದು?" ಎಂದು ಅಜ್ಜ ಕೇಳಿದರು.

"ನಮ್ಮ ಹಿರೇರು ರೀ."

"ಎಲ್ಲಿದ್ದಾರ ಅವರು?"

"ತೀರಿಕೊಂಡ್ರಲ್ರಿ ಎಲ್ಲಾರು."

"ಅವರ ಗೂಡಿಗೆ ಈಗ ಯಾರು ಬೆಂಕಿ ಇಡ್ತಾರ?"

ಅವರ ಗೂಡುಗಳ ಮೇಲೆ ಎಕ್ಕೆ ಬೆಳೆದು ಬಹಳ ಕಾಲವಾಗಿತ್ತು.

ಅಜ್ಜ ಎದ್ದು ಕೋಲು ಹಿಡಿದು ಕೆಳಗಿನ ಕೇರಿಗೆ ಇಳಿದರು.

ಕೇರಿಯಲ್ಲಿ ಮನೆಮನೆ ಮುಂದೆ ನಿಂತು ಕಾಳು, ಹಾಸಿಗೆ, ಮಕ್ಕಳು, ಕೋಳಿ, ಎಲ್ಲವನ್ನೂ ಮೇಲಿನ ಬಂಡೆಗೆ ಸಾಗಿಸಿರಿ ಎಂದರು. ಜನ ಆಕಾಶ ನೋಡಿ ನಕ್ಕರು. ಒಂದು ತುಣುಕು ಮೋಡ ಇರಲಿಲ್ಲ. ಸುಣ್ಣ ಬೇಯುತ್ತಿದೆಯಲ್ಲ, ಇನ್ನೇಕೆ ಹೆದರಿಕೆ ಎಂದರು. ಸುಣ್ಣ ಬೆಂದರೆ ನಾಳೆ ಇಳಿದು ಬನ್ನಿ, ಬಂಡೆ ಬಾಡಿಗೆ ಕೇಳುವುದಿಲ್ಲ ಎಂದರು ಅಜ್ಜ. ಬಂಡೆಯ ಮೇಲೆ ಇರುವ ತನಕ ಆಶ್ರಮದ ಅಂಬಲಿ ಎಂದೂ ಹೇಳಿದರು. ಅಂಬಲಿಯ ಮಾತಿಗೆ ಕೆಲವರು ಎದ್ದರು. ಅವರನ್ನು ನೋಡಿ ಉಳಿದವರೂ ಗಂಟು ಕಟ್ಟಿದರು.

ಇತ್ತ ನಡು ಹಗಲಿನಲ್ಲಿ ಅಡಿವೆಪ್ಪ ಗೂಡಿನ ಮುಂದೆ ಬಿದ್ದ.

ಮೇಲಿನ ಊರಿನ ಜ್ವರವೇ. ಕಣ್ಣು ತೆರೆದಿದ್ದವು, ಮಾತು ತೊದಲುತ್ತಿತ್ತು. ಯಂಕಪ್ಪ ಅವನನ್ನು ಹೊತ್ತು ನೆರಳಿಗೆ ಹಾಕಿದ. ಕೆಂಚವ್ವ ಹಣೆಗೆ ಒದ್ದೆ ಬಟ್ಟೆ ಇಟ್ಟಳು. ಆಮೇಲೆ ಇಬ್ಬರೂ ಗೂಡಿನ ಬಾಯಿಯಿಂದ ದೂರ ಸರಿದು ನಿಂತರು.

ಮೂರು ಕಡೆ ಕಟ್ಟಿಗೆ ಇತ್ತು. ಎತ್ತು ಇದ್ದವು, ನೀರು ಇತ್ತು, ಕಲ್ಲು ಇತ್ತು. ಕೆಲಸದವರು ಸುತ್ತಲೂ ನಿಂತಿದ್ದರು. ಯಾರೂ ಒಂದು ಸೌದೆ ಒಳಗಿಡಲಿಲ್ಲ.

ಅಜ್ಜ ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ಬೆಂಕಿಯೂ ಇಳಿದಿತ್ತು.

ಅವರು ಕುಡುಗೋಲು ತೆಗೆದುಕೊಂಡು ಅಡಿವೆಪ್ಪನ ಕೈಯ ಕಂಕಣ ಕತ್ತರಿಸಿದರು. ಅದೇ ದಾರವನ್ನು ಗಂಟು ಹಾಕಿ ಕೆಂಚವ್ವನ ಕೈಗೆ ಕಟ್ಟಿದರು.

"ಏನು ಮಾಡ್ಲಿ?" ಎಂದಳು.

"ನನಗೂ ಗೊತ್ತಿಲ್ಲ," ಎಂದರು ಅಜ್ಜ. "ಕಟ್ಟಿಗೆ ಇಡು."

ಅವಳು ಇಟ್ಟಳು. ಬಣ್ಣ ತಿಳಿಯದವಳು ಹೆದರಿಕೆಯನ್ನೇ ಅಳತೆ ಮಾಡಿಕೊಂಡು ಇಟ್ಟಳು. ಬೆಂಕಿ ಗೂಡಿನ ತಲೆಯ ಮೇಲೆ ಎದ್ದಿತು. ಅಡಿವೆಪ್ಪನ ಬಾಯಿಯ ಹತ್ತಿರ ಕಿವಿ ಇಟ್ಟು ಬಣ್ಣ ಯಾವುದೆಂದು ಮತ್ತೆ ಮತ್ತೆ ಕೇಳಿದಳು. ಅವನು ಸತ್ತ ತಾಯಿಯ ಜೊತೆ ಮಾತಾಡುತ್ತಿದ್ದ.

ಗೂಡು ಆರಿಸಿ ತೆಗೆದಾಗ ಹೊರಗಿನ ಕಲ್ಲು ಮಿತಿಮೀರಿ ಸುಟ್ಟು ಗಟ್ಟಿಯಾಗಿತ್ತು. ನಡುವಿನ ಕಲ್ಲು ಹಸಿಯಾಗಿಯೇ ಉಳಿದಿತ್ತು. ನೀರು ಹಾಕಿದರೆ ಅರಳಿ ಪುಡಿಯಾಗಲಿಲ್ಲ. ಆರಿಸಿ ಆರಿಸಿ ತೆಗೆದರೆ ಅರ್ಧ ಬಿರುಕಿಗೆ ಸಾಲುವಷ್ಟು ಒಳ್ಳೆಯ ಸುಣ್ಣ ಸಿಕ್ಕಿತು.

ಅಷ್ಟರಲ್ಲೇ ಮುಗಿಸಿ ಎಂದ ದೇಸಾಯಿ. ಉಳಿದರ್ಧಕ್ಕೆ ಮಣ್ಣು ಮೆತ್ತಿದರು.

ಮಳೆ ಹೊತ್ತಿಗೆ ಸರಿಯಾಗಿ ಬಂತು. ಏರಿ ಜಿನುಗುತ್ತಿದೆ ಎಂದು ಕೇಳಿ ಯಂಕಪ್ಪ ಮಣ್ಣಿನ ಬುಟ್ಟಿ ಹೊತ್ತು ಓಡಿದ. ಅಕ್ಕ ಬೇಡವೆಂದಳು. ಗೂಡು ಕೆಡಿಸಿದವರು ನಾವು, ಬಿರುಕು ಮುಚ್ಚುವವರೂ ನಾವೇ ಎಂದನಂತೆ. ಅವನು ಏರಿಯ ಮೇಲೆ ಇದ್ದಾಗಲೇ ಏರಿ ಒಡೆಯಿತು.

ಕೇರಿಯ ಒಂದು ಗೋಡೆಯೂ ನಿಲ್ಲಲಿಲ್ಲ. ಜನ ಬಂಡೆಯ ಮೇಲೆ ನಿಂತು ನೋಡಿದರು. ಎರಡು ದಿನದ ಮೇಲೆ ಯಂಕಪ್ಪ ಜಾಲಿ ಪೊದೆಯಲ್ಲಿ ಸಿಕ್ಕ.

ದೇಸಾಯಿಯ ಮನುಷ್ಯ ಬಂದು ಆಶ್ರಮದ ನೆಲ ಬಿಡಬೇಕೆಂದ. ಅಜ್ಜ ಸರಿ ಎಂದರು. ಅಷ್ಟು ಹೊತ್ತಿಗೆ ಅವರಿಗೂ ಜ್ವರ ಬಂದಿತ್ತು. ಅವರನ್ನು ಬಂಡೆಯ ಮೇಲೆ ಒಂದು ಚಪ್ಪರದ ಕೆಳಗೆ ಮಲಗಿಸಿದ್ದರು.

ಅಡಿವೆಪ್ಪನ ಜ್ವರ ಬಿಟ್ಟಿತು. ಕೋಲು ಊರಿಕೊಂಡು ಬಂದು ಅಜ್ಜನ ಕಾಲ ಬಳಿ ಕುಳಿತ.

"ನಾ ಬೀಳ್ತೀನಂತ ನಿಮಗ ಗೊತ್ತಿತ್ತು," ಎಂದ.

"ಬೀಳಬಹುದು ಅನ್ನೂದು ಗೊತ್ತಿತ್ತು. ಅದಕ್ಕ ಬಂಡೆ ನೋಡಿ ಇಟ್ಟಿದ್ದೆ," ಎಂದು ಅಜ್ಜ ತಾವು ಮಲಗಿದ್ದ ಬಂಡೆಯನ್ನು ಅಂಗೈಯಿಂದ ತಟ್ಟಿದರು.

"ಕಂಕಣ ಮೊದಲ ಯಾಕ ಕತ್ತರಿಸಲಿಲ್ರಿ?"

"ಕೈ ಗಟ್ಟಿ ಇದ್ದಾಗ ಕತ್ತರಿಸಿದ್ರ ನೀ ಇನ್ನೊಂದು ಕಟ್ಟಿಕೋತಿದ್ದಿ."

"ಯಂಕಪ್ಪ ಹೋದನಲ್ರಿ."

"ಅದರಾಗ ನನ್ನ ಪಾಲೂ ಐತಿ," ಎಂದರು ಅಜ್ಜ. "ನನ್ನ ಪಾಲು ನಾ ಹೊರ್ತೀನಿ. ನಿಂದು ನೀ ಹೊರು."

ಕೆಂಚವ್ವ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದಳು. ತಮ್ಮನನ್ನು ಮಣ್ಣು ಮಾಡಿ ಬಂದಿದ್ದಳು. ಅವಳ ಕೈಯಲ್ಲಿ ಕಂಕಣ ಹಾಗೆಯೇ ಇತ್ತು. ಅಡಿವೆಪ್ಪ ಅವಳ ಮುಖ ನೋಡಲಾರದೆ ಆ ಕೈ ನೋಡಿದ.

ಬಯ್ಯುತ್ತಾಳೆ ಎಂದುಕೊಂಡಿದ್ದ. ಉಗಿದರೂ ಒರೆಸಿಕೊಳ್ಳಬಾರದು ಎಂದು ನಿಶ್ಚಯಿಸಿಕೊಂಡಿದ್ದ.

ಅವಳು ಬಂದು ಅವನ ಎದುರಿಗೆ ಕುಳಿತಳು.

"ಬಣ್ಣ ಹೇಳು," ಎಂದಳು. "ನೀ ಸಾಯೂದ್ರೊಳಗ ಹೇಳು."

ಹೇಳಿಕೊಟ್ಟರೆ ಬರುವುದಲ್ಲ ಎಂದು ತಾನೇ ಆಡಿದ ಮಾತು ಅವನಿಗೆ ನೆನಪಾಯಿತು.

ಆಮೇಲೆ ಎದ್ದು ಬಂಡೆಯ ಮೇಲೆ ಮೂರು ಕಲ್ಲು ಹೂಡಿದ. ಕುಳ್ಳು ಇಟ್ಟು ಬೆಂಕಿ ಮಾಡಿದ. ಮೊದಲು ಕುಂಕುಮದಂತೆ ಕೆಂಪು ಇರುತ್ತದೆ, ಆಗ ಕಲ್ಲಿನ ಹಸಿ ಹೋಗುತ್ತಿರುತ್ತದೆ ಎಂದ. ಆಮೇಲೆ ಅರಿಸಿನ ಕಲಸಿದ ಬಣ್ಣ. ಅಲ್ಲಿಂದ ಮುಂದೆ ಕೈ ಬಿಗಿ ಹಿಡಿಯಬೇಕು. ಕೊನೆಗೆ ಬೆಳ್ಳುಳ್ಳಿ ಸಿಪ್ಪೆಯ ಹಾಗೆ, ಬಿಳುಪಿನಲ್ಲಿ ಒಂದು ಚೂರು ನೇರಳೆ. ಅದು ಕಂಡರೆ ಮತ್ತೊಂದು ಸೌದೆಯೂ ಕೂಡದು.

"ಸಿಪ್ಪಿ ಒಳಗಿನದೋ ಹೊರಗಿನದೋ?" ಎಂದು ಕೆಂಚವ್ವ ಕೇಳಿದಳು.

ಇಷ್ಟು ವರ್ಷ ಅದನ್ನು ಯಾರೂ ಅವನನ್ನು ಕೇಳಿರಲಿಲ್ಲ.

"ಒಳಗಿಂದು," ಎಂದ.

ಆಚೆ ಅಂಬಲಿಗೆ ಕುಳಿತಿದ್ದ ಕೇರಿಯ ಇಬ್ಬರು ಬಟ್ಟಲು ಹಿಡಿದುಕೊಂಡೇ ಹತ್ತಿರ ಬಂದರು. ಒಬ್ಬ ತಪ್ಪು ಬಣ್ಣ ಹೇಳಿದ. ಅಡಿವೆಪ್ಪ ತಿದ್ದಿದ. ಇನ್ನೊಬ್ಬ ಸರಿಯಾಗಿ ಹೇಳಿದ. ಕೆಂಚವ್ವ ಕಣ್ಣು ಮುಚ್ಚಿ ಮೂರನ್ನೂ ಹೇಳಿ ಒಪ್ಪಿಸಿದಳು. ಆಮೇಲೆ ಹಲ್ಲಿನಿಂದ ಕಂಕಣ ಕಚ್ಚಿ ಹರಿದು ಬೆಂಕಿಗೆ ಹಾಕಿದಳು.

ಅಜ್ಜ ಮಲಗಿದಲ್ಲಿಂದಲೇ ಎಲ್ಲವನ್ನೂ ಕೇಳುತ್ತಿದ್ದರು. ಉಸಿರು ಎಳೆದೆಳೆದು ಬರುತ್ತಿತ್ತು. ಅಡಿವೆಪ್ಪ ನೀರು ಹಿಡಿದು ಹತ್ತಿರ ಹೋದ. ನೆಲ ಹೋಯಿತು, ಕೆರೆ ಹೋಯಿತು, ಕೇರಿ ಹೋಯಿತು, ಯಂಕಪ್ಪ ಹೋದ, ಈ ವ್ಯವಹಾರದಲ್ಲಿ ನಮಗೆ ಬಂದದ್ದಾದರೂ ಏನು ಎಂದು ಕೇಳಿದ.

ಅಜ್ಜ ನೀರು ಬೇಡವೆಂದು ಕೈಯಾಡಿಸಿದರು. ಬೆಂಕಿಯ ಸುತ್ತ ಕುಳಿತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ವ್ಯಾಪಾರದ ಕಾಲದಲ್ಲಿ ಮಾಡುತ್ತಿದ್ದಂತೆ ಹೆಬ್ಬೆರಳನ್ನು ಬೆರಳಗೆಣ್ಣುಗಳ ಮೇಲೆ ಸರಿಸಿದರು.

"ಮೂರು ಜೋಡಿ ಕಣ್ಣು," ಎಂದರು. "ತುಟ್ಟಿ ಬಿತ್ತು."