ಸ್ಟುಡಿಯೋ ಕೋಟು

ಕೊಟ್ರಯ್ಯನವರು ಕ್ಯಾಮೆರಾದ ಕಪ್ಪು ಬಟ್ಟೆಯನ್ನು ಶಿಷ್ಯನ ಕೈಗೆ ಕೊಟ್ಟರು.

"ಇವತ್ತು ನೀನು ತೆಗಿ," ಎಂದರು.

ಶಿಷ್ಯ ಮಾರ್ತಾಂಡ ಆ ಸ್ಟುಡಿಯೋ ಸೇರಿ ಒಂದು ವರ್ಷವಾಗಿತ್ತು. ನೆಲ ಗುಡಿಸಿದ್ದ. ಚಿತ್ರ ಮೂಡುವ ಗಾಜಿನ ಪ್ಲೇಟು ತೊಳೆದಿದ್ದ. ಪರದೆಯ ಮೇಲೆ ಬರೆದ ಅರಮನೆಯ ಧೂಳು ಕೊಡವಿದ್ದ. ಕ್ಯಾಮೆರಾ ಮುಟ್ಟಿರಲಿಲ್ಲ.

"ಯಾರ ಫೋಟೋ ಗುರುಗಳೇ?"

"ಮೊದಲು ಬಂದವರದು. ಪ್ಲೇಟು ಎರಡಿವೆ. ಚಿತ್ರದಲ್ಲಿ ಮನುಷ್ಯ ಬಂದರೆ ಇಲ್ಲಿರು. ಬರದಿದ್ದರೆ ಸಂಜೆ ಬಸ್ಸಿಗೆ ಊರಿಗೆ ಹೋಗು."

ಊರಲ್ಲಿ ಅಣ್ಣನ ಸುಣ್ಣದ ಭಟ್ಟಿಯಿತ್ತು. ಫೋಟೋ ಹುಚ್ಚು ಇಳಿದ ಮೇಲೆ ಸುಣ್ಣ ಸುಡಲು ಬಾ ಎಂದು ಹೇಳಿಯೇ ಅಣ್ಣ ಅವನನ್ನು ಕಳಿಸಿದ್ದ.

ಮೊದಲು ಬಂದವನು ದೋಣಿಯ ಗಂಗಪ್ಪ. ಹೊಳೆಗೆ ಸೇತುವೆಯಾಗಿತ್ತು. ನಾಳೆಯಿಂದ ಜನ ಅದರ ಮೇಲೆ ನಡೆಯುವವರು. ದೋಣಿಯನ್ನು ದಡಕ್ಕೆ ಎಳೆದು ಬಂದಿದ್ದೇನೆ, ಮೊಮ್ಮಕ್ಕಳಿಗೆ ಒಂದು ಫೋಟೋ ಇರಲಿ ಎಂದ.

ಆಗ ಸ್ಟುಡಿಯೋದ ಗೂಟಕ್ಕೆ ಒಂದು ಕರಿ ಕೋಟು ತೂಗುತ್ತಿತ್ತು. ಊರಿನ ಮದುಮಗಂದಿರೆಲ್ಲ ಅದನ್ನೇ ಹಾಕಿಕೊಂಡು ಕುಳಿತಿದ್ದರು. ತೆಳ್ಳಗಿದ್ದವರಿಗೆ ಬೆನ್ನ ಹಿಂದೆ ಪಿನ್ನು. ದಪ್ಪಗಿದ್ದವರಿಗೆ ಗುಂಡಿ ಬಿಚ್ಚಿದ್ದು. ಯಾರ ಮನೆಯ ಗೋಡೆ ನೋಡಿದರೂ ಅದೇ ಕೋಟು, ಕೈಯಲ್ಲಿ ಅದೇ ನಿಂತುಹೋದ ಗಡಿಯಾರ.

ಗಂಗಪ್ಪನೂ ಕೋಟು ಕೇಳಿದ. ಮಾರ್ತಾಂಡ ತೊಡಿಸಿದ. ಮುಖಕ್ಕೆ ಪೌಡರು ಹಚ್ಚಿದ. ಕುರ್ಚಿಯ ಮೇಲೆ ಕೂರಿಸಿ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ.

ಕ್ಯಾಮೆರಾದ ಹಿಂಬದಿಯ ಗಾಜಿನ ಮೇಲೆ ಗಂಗಪ್ಪ ತಲೆಕೆಳಗಾಗಿ ಕಂಡ. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಮಾರ್ತಾಂಡ ಬಲಕ್ಕೆ ಸರಿ ಎಂದ. ಗಂಗಪ್ಪ ಸರಿದ. ಗಾಜಿನಿಂದ ಅರ್ಧ ಹೊರಗೇ ಹೋದ. ಅಲ್ಲ, ಎಡಕ್ಕೆ ಎಂದ. ಮತ್ತೆ ಅಲ್ಲ ಎಂದ.

"ತಮ್ಮಾ," ಎಂದ ಗಂಗಪ್ಪ, "ನನ್ನ ದೋಣಿಯಲ್ಲಿ ನೀನು ಹುಟ್ಟು ಹಿಡಿದಿದ್ದರೆ ಜನ ಹತ್ತಿದ ದಡಕ್ಕೇ ಇಳೀತಿದ್ದರು."

ಕೊಟ್ರಯ್ಯನವರು ಮೂಲೆಯ ಸ್ಟೂಲಿನ ಮೇಲೆ ಕೂತು ಕನ್ನಡಕ ಒರೆಸುತ್ತಿದ್ದರು.

ಮಾರ್ತಾಂಡ ಪ್ಲೇಟು ಹಾಕಿದ. ಗದ್ದ ಎತ್ತು, ಹೆಗಲು ನೆಟ್ಟಗೆ, ರೆಪ್ಪೆ ಬಡಿಯಬೇಡ ಎಂದ.

"ಉಸಿರು ಬಿಡಬಹುದಾ?"

"ಬೇಡ."

ಒಂದು, ಎರಡು, ಮೂರು ಎಂದು ಹೇಳಿ ಫೋಟೋ ತೆಗೆಯುವ ರಬ್ಬರ್ ಬಲ್ಬು ಒತ್ತಿದ.

ಮಧ್ಯಾಹ್ನದ ಮೇಲೆ ಬಂದು ನೋಡಲು ಹೇಳಿ ಗಂಗಪ್ಪನನ್ನು ಕಳಿಸಿದ. ಕತ್ತಲೆ ಕೋಣೆಯಲ್ಲಿ ಪ್ಲೇಟು ತೊಳೆದು ತಂದ. ಕೊಟ್ರಯ್ಯನವರು ಅದನ್ನು ಕಿಟಕಿಗೆ ಹಿಡಿದರು.

"ಕೋಟು ಚೆನ್ನಾಗಿ ಬಂದಿದೆ."

"ಗಂಗಪ್ಪ?"

"ಕಾಣಲಿಲ್ಲ."

ಮಾರ್ತಾಂಡ ನೋಡಿದ. ಕಣ್ಣು, ಮೂಗು, ಮೀಸೆ ಎಲ್ಲ ಇದ್ದವು. ಯಾರ ಗೋಡೆಗೆ ತೂಗುಹಾಕಿದರೂ ಆ ಮನೆಯವರು ನಮ್ಮವನೇ ಅನ್ನುವಂತಿತ್ತು.

"ಎಲ್ಲ ಸರಿಯಾಗಿಯೇ ಮಾಡಿದೆನಲ್ಲ ಗುರುಗಳೇ. ಎಲ್ಲಿ ತಪ್ಪಿದೆ?"

ಕೊಟ್ರಯ್ಯನವರು ಗೂಟದ ಕೋಟು ತೆಗೆದು ಅವನ ಕಡೆಗೆ ಚಾಚಿದರು.

"ಹಾಕ್ಕೋ. ಕೂತ್ಕೋ."

ಮಾರ್ತಾಂಡ ಕೂತ. ಸ್ಟುಡಿಯೋದ ಎರಡೂ ದೀಪದ ಬೆಳಕು ಮುಖಕ್ಕೆ ಬಿತ್ತು. ಗುರುಗಳು ಬಲ್ಬು ಹಿಡಿದು ಕ್ಯಾಮೆರಾದ ಪಕ್ಕ ನಿಂತರು. ಬಟ್ಟೆಯೊಳಗೆ ಹೋಗಲಿಲ್ಲ. ಅವನನ್ನೇ ನೋಡುತ್ತ ನಿಂತರು.

ಅವನು ಗದ್ದ ಎತ್ತಿದ. ಹೆಗಲು ನೆಟ್ಟಗೆ ಮಾಡಿದ. ಕುತ್ತಿಗೆ ನೋಯತೊಡಗಿತು. ಕಂಕುಳಲ್ಲಿ ಬೆವರಿಳಿಯಿತು. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

"ಯಾವಾಗ ತೆಗೀತೀರಿ ಗುರುಗಳೇ?"

"ನೀನು ಬಂದ ಮೇಲೆ."

"ಇಲ್ಲೇ ಇದ್ದೀನಲ್ಲ."

"ಕೋಟು ಇದೆ."

ಬೀದಿಯಲ್ಲಿ ಮಧ್ಯಾಹ್ನದ ಬಸ್ಸು ಹಾರ್ನ್ ಹಾಕಿತು. ಅವನ ಊರಿನ ಕಡೆಯದೇ. ಇನ್ನೊಂದು ಸಂಜೆಗಿದೆ ಎಂದು ನೆನೆದ. ಬಿಳಿ ಧೂಳು ಮೆತ್ತಿದ ಅಣ್ಣನ ಹುಬ್ಬು ನೆನಪಾಯಿತು. ಭಟ್ಟಿಯ ಮುಂದೆ ನಿಂತು, ಬಂದೆಯಾ ಎಂದು ಅಣ್ಣ ಕೇಳುವುದು ಕಿವಿಯಲ್ಲೇ ಕೇಳಿಸಿತು. ಗದ್ದ, ಹೆಗಲು ಎಲ್ಲ ಮರೆತುಹೋದವು.

ಬಲ್ಬಿನ ಸದ್ದಾಯಿತು. ಕ್ಯಾಮೆರಾದಲ್ಲಿ ಪ್ಲೇಟು ಇರಲಿಲ್ಲ.

"ಈಗ ಬಂದೆ," ಎಂದರು ಕೊಟ್ರಯ್ಯನವರು. ದೀಪ ಆರಿಸಿ ಚಹಾ ಕುಡಿಯಲು ಹೋದರು.

ಬಿಸಿಲು ಇಳಿದಾಗ ಗಂಗಪ್ಪ ಬಂದ. ಫೋಟೋ ಕೆಟ್ಟಿತು, ತಪ್ಪು ನನ್ನದೇ, ಇನ್ನೊಮ್ಮೆ ಕೂತುಕೊಳ್ಳಬೇಕು ಎಂದ ಮಾರ್ತಾಂಡ. ಕೋಟು ಬೇಡವಾದರೆ ಬಿಡು ಎಂದೂ ಹೇಳಿದ.

"ಬೇಡವಾ? ಇವತ್ತಿನ ತನಕ ಈ ಊರಲ್ಲಿ ಇದನ್ನು ಹಾಕ್ಕೊಳ್ಳದೆ ಉಳಿದವನು ನಾನೊಬ್ಬನೇ."

ಹಾಕಿಕೊಂಡು ಕೂತ. ಮಾರ್ತಾಂಡ ಗಾಜಿನಲ್ಲಿ ನೋಡಿದ. ಈ ಸಲ ಗಂಗಪ್ಪನನ್ನು ಸರಿಸಲಿಲ್ಲ, ಕ್ಯಾಮೆರಾವನ್ನೇ ಸರಿಸಿಕೊಂಡ. ಕೊನೆಯ ಪ್ಲೇಟು ಹಾಕಿ, ಬಲ್ಬು ಹಿಡಿದು ಪಕ್ಕದಲ್ಲಿ ನಿಂತ.

ಗಂಗಪ್ಪ ತಾನೇ ಗದ್ದ ಎತ್ತಿದ. ಉಸಿರು ಕಟ್ಟಿದ. ಬಿಟ್ಟ. ಮತ್ತೆ ಕಟ್ಟಿದ. ಬೆಳಿಗ್ಗೆ ಬೇಗ ಮುಗಿಸಿದ್ದೆಯಲ್ಲ ಎಂದು ಗೊಣಗಿದ. ಮಾರ್ತಾಂಡ ಕಾದ. ಪರದೆಯ ಅರಮನೆಯ ಮೇಲೆ ಬೆಳಕು ಕೆಂಪಾಯಿತು.

"ಗಂಗಣ್ಣ, ಹೊಳೆ ಇವತ್ತು ಎಷ್ಟಿದೆ?"

ಊರು ದಿನಾ ಬೆಳಿಗ್ಗೆ ಅವನನ್ನು ಕೇಳುತ್ತಿದ್ದ ಮಾತು ಅದು.

ಗಂಗಪ್ಪನ ಕಣ್ಣು ಬಾಗಿಲ ಕಡೆ ಹೋಯಿತು. ಅಲ್ಲಿಂದ ಹೊಳೆ ಕಾಣುತ್ತಿರಲಿಲ್ಲ, ಎದುರಿನ ಅಂಗಡಿಯ ಗೋಡೆ ಕಾಣುತ್ತಿತ್ತು. ಅವನು ನೋಡಿದ. ಮಂಡಿಯ ಮೇಲಿದ್ದ ಎರಡೂ ಕೈ ಹುಟ್ಟು ಹಿಡಿದಂತೆ ಮುಚ್ಚಿಕೊಂಡವು.

ಮಾರ್ತಾಂಡ ಒತ್ತಿದ.

"ಎದೆಮಟ್ಟ," ಎಂದ ಗಂಗಪ್ಪ. ಮುಚ್ಚಿದ ಕೈ ಬಿಚ್ಚಿದ. "ನಾಳೆಯಿಂದ ಯಾರು ಕೇಳ್ತಾರೆ ಬಿಡು." ಆಮೇಲೆ ತಿರುಗಿ, "ತೆಗೆದೆಯಾ? ಒಂದು ಎರಡು ಮೂರು ಅನ್ನಲೇ ಇಲ್ಲ," ಎಂದ.

ಕೋಟನ್ನು ಗೂಟಕ್ಕೆ ತಾನೇ ತೂಗುಹಾಕಿ, ಆಗಲೇ ಸ್ಟೂಲಿಗೆ ಮರಳಿದ್ದ ಕೊಟ್ರಯ್ಯನವರಿಗೆ ಕೈಮುಗಿದು ಹೋದ.

ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಮಾರ್ತಾಂಡ ಪ್ಲೇಟನ್ನು ನೀರಿನಿಂದ ಎತ್ತಿದ. ಕೊಟ್ರಯ್ಯನವರು ಅಂಚು ಹಿಡಿದು ಬೆಳಕಿಗೆ ತಂದರು. ಬಹಳ ಹೊತ್ತು ನೋಡಿದರು.

"ಹೊಳೆ ಬಂದಿದೆ," ಎಂದರು.

ಮಾರ್ತಾಂಡನಿಗೆ ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಬೀದಿಯ ಸದ್ದಿಗೆ ಕಿವಿಗೊಟ್ಟ. ಏನೂ ಕೇಳಿಸಲಿಲ್ಲ.

"ಗುರುಗಳೇ, ಬಸ್ಸು?"

"ಆಗಲೇ ಹೋಯಿತು. ಟ್ರೇ ನೀರು ಬದಲಿಸು."