ಗಿಜಗನ ಗೂಡು ಬರೆದ ದೊರೆ

ಏಳುಕಟ್ಟೆ ಅಂತ ಒಂದು ರಾಜ್ಯ ಇತ್ತು ಮಕ್ಕಳೇ. ಅಲ್ಲಿಯ ದೊರೆಗೆ ಕೊಡೆ ಹಿಡಿಯುತ್ತಿದ್ದವನು ನಾನೇ. ನಂಬಿಕೆ ಇಲ್ಲದವರು ಹೋಗಿ ದೊರೆಯನ್ನೇ ಕೇಳಿಕೊಂಡು ಬನ್ನಿ. ಅವನು ಸತ್ತು ಅರವತ್ತು ವರ್ಷ ಆಯಿತು, ಅಷ್ಟೇ.

ಅಲ್ಲಿ ಕೆರೆ ಪಕ್ಕ ಒಂದು ತೋಪು. ಹೊಂಗೆ, ಜಾಲಿ, ಈಚಲು. ತೋಪಿನ ಅಂಚಿಗೆ ಸಣ್ಣೀರವ್ವ ಅನ್ನೋ ಮುದುಕಿಯ ಗುಡಿಸಲು. ಮದುವೆ ಮನೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ರ ಬರೆಯುವವಳು. ಅವರ ಕುಲದಲ್ಲಿ ಒಂದು ಕಟ್ಟಳೆ. ಮರ ಬರೆಯಬೇಕಾದರೆ ಮರದ ಎದುರು, ಹಕ್ಕಿ ಬರೆಯಬೇಕಾದರೆ ಹಕ್ಕಿಯ ಎದುರು, ಒಂದು ಹೊತ್ತು ಸುಮ್ಮನೆ ಕೂರಬೇಕು. ಕೂರದೆ ಬಣ್ಣ ಕಲಸುವಂತಿಲ್ಲ.

ಮಂತ್ರಿ ಚೆನ್ನರಸಯ್ಯನ ಭಾವಮೈದನಿಗೆ ಹೊಸ ಮನೆಗೆ ತೊಲೆ ಬೇಕಾಯಿತು. ಮಂತ್ರಿ ದೊರೆಯ ಕಿವಿ ಕಚ್ಚಿದ: "ಬುದ್ಧಿ, ಮೂರು ಸಲ ತೋಪೆಲ್ಲ ಸುತ್ತಿ ನೋಡಿದೆ. ಬರೀ ಮುಳ್ಳು, ನಾಲ್ಕು ಹಾಳು ಗೂಡು. ಕಡಿಸಿಬಿಡೋಣ."

ಕೊಡಲಿಗಳು ಹೊರಟವು. ಸಣ್ಣೀರವ್ವ ಅರಮನೆಗೆ ಓಡಿ ಬಂದಳು.

"ಬುದ್ಧಿ, ತೋಪು ಹೋದರೆ ನಾನು ಯಾರ ಎದುರು ಕೂರಲಿ? ಮಂತ್ರಿಗಳು ಮೂರು ಸಲ ನೋಡಿದಾರಂತೆ. ತೋಪಲ್ಲಿರೋದರ ಮೂರೇ ಮೂರು ಚಿತ್ರ ಬರೆಯಲಿ. ಸರಿಯಾಗಿದ್ದರೆ ಕಡೀರಿ, ನಾನು ಊರು ಬಿಡ್ತೀನಿ."

"ಅಷ್ಟೇನಾ? ಇದ್ದಿಲು ತನ್ನಿ" ಅಂದ ಮಂತ್ರಿ.

ಒಂದು ಹಲಗೆ ತಂದರು. ಹೊಂಗೆ ಎಲೆ ಬರೆದ. ಜಾಲಿ ಮುಳ್ಳು ಬರೆದ. ಗಿಜಗನ ಗೂಡು ಬರೆದ. ಹಲಗೆ ಹೊತ್ತು ಎಲ್ಲರೂ ತೋಪಿಗೆ ನಡೆದೆವು. ಯುಗಾದಿ ಕಳೆದು ಎಂಟು ದಿನ, ನೆತ್ತಿ ಬಿರಿಯುವ ಬಿಸಿಲು. ನನ್ನ ಕೊಡೆ ಇಲ್ಲದಿದ್ದರೆ ದೊರೆ ಅವತ್ತೇ ಹೋಗುತ್ತಿದ್ದ.

ಹೊಂಗೆಯ ಪಕ್ಕ ಹಲಗೆ ಹಿಡಿದರು. ಮಂತ್ರಿ ಬರೆದದ್ದು ಬಾಗಿಲ ತೋರಣದ ಮಾವಿನೆಲೆ.

ಜಾಲಿಯ ಪಕ್ಕ ಹಿಡಿದರು. ಮರದಲ್ಲಿ ಮುಳ್ಳು ಜೋಡಿಜೋಡಿ. ಮಂತ್ರಿಯದು ಒಂಟಿ.

ಗಿಜಗನ ಗೂಡಿನ ಪಕ್ಕ ಹಿಡಿದರು. ಮಂತ್ರಿಯ ಗೂಡು ಬಟ್ಟಲಿನ ಹಾಗೆ ಬಾಯಿ ಮೇಲೆ ಮಾಡಿತ್ತು. ಅಷ್ಟರಲ್ಲಿ ಒಂದು ಹಕ್ಕಿ ಹುಳ ಕಚ್ಚಿಕೊಂಡು ಬಂದು, ಗೂಡಿನ ಕೆಳಗಿಂದ ಮೇಲಕ್ಕೆ ನುಗ್ಗಿತು. ಒಳಗೆ ಮರಿಗಳು ಚೀಂಗುಟ್ಟಿದವು.

"ಹಾಳು ಗೂಡು ಅಂದೆಯಲ್ಲಯ್ಯ" ಅಂದ ದೊರೆ.



ದೊರೆಗೆ ಏನನ್ನಿಸಿತೋ, ಇದ್ದಿಲು ಇಸಿದುಕೊಂಡು ಹಲಗೆ ತಿರುವಿ ಅಲ್ಲೇ ನೆಲಕ್ಕೆ ಕೂತ. ಗೂಡು ಬರೆದ. ಸೋರೆಬುರುಡೆ ಆಯಿತು. ಮತ್ತೆ ಬರೆದ. ಚೀಲ ಆಯಿತು. ಸಣ್ಣೀರವ್ವ, "ಕೈ ನಿಲ್ಲಿಸಿ, ಮೊದಲು ನೋಡಿ ಬುದ್ಧಿ" ಅಂದಳು. ಹೊತ್ತು ಇಳಿಯುವ ತನಕ ನೋಡಿದ. ಮೂರನೇ ಸಲಕ್ಕೆ ಗೂಡು ಗೂಡಾಯಿತು.

ಎದ್ದು ಮೈ ಕೊಡವಿಕೊಂಡು, "ಕೊಡಲಿಯವರು ಮನೆಗೆ ಹೋಗಲಿ. ಮಂತ್ರಿ ದಿನಾ ಬೆಳಿಗ್ಗೆ ಇಲ್ಲಿ ಬಂದು ಕೂತು ಹೊಂಗೆ ಎಲೆ ಬರೆಯಲಿ. ಸರಿ ಬಂತು ಅಂತ ಸಣ್ಣೀರವ್ವ ಹೇಳೋವರೆಗೆ" ಅಂದ.

ಮುದುಕಿ ಹೊಂಗೆ ಬುಡಕ್ಕೆ ಬೆನ್ನು ಕೊಟ್ಟು ಕೂತಳು.

ನೋಡಿ ಮಕ್ಕಳೇ, ಕಡಿಯೋನು ಮರವನ್ನು ನೋಡೋದೇ ಇಲ್ಲ. ಬರೆಯೋನು ಕೂತು ನೋಡಬೇಕು. ಹಾಗೆ ನೋಡಿದವನಿಗೆ ಕಡಿಯೋಕೆ ಕೈ ಬರಲ್ಲ.

ರಾಗಿ ಕೇರುತ್ತಿದ್ದ ನನ್ನ ಸೊಸೆ ದ್ಯಾವಮ್ಮ ಮೊರ ನಿಲ್ಲಿಸಿದಳು. "ಅಲ್ಲ ಮಾವ, ಗಿಜಗ ಗೂಡು ಕಟ್ಟೋದು ಮಳೆ ಬಿದ್ದು ಹಸಿ ಹುಲ್ಲು, ಈಚಲು ಗರಿ ಸಿಕ್ಕಮೇಲೆ. ಯುಗಾದಿ ಬಿಸಿಲಲ್ಲಿ ಮರಿ ಎಲ್ಲಿಂದ ಬಂತು?"

ನಾನು ಭುಜ ಹಾರಿಸಿದೆ. "ಹಂಗಾರೆ ಕೊಡೆ ಹಿಡಿದಿದ್ದು ಮಳೆಗೇ ಇರಬೇಕು ಕಣಮ್ಮ."